ಚಟ್ನಿ ದೋಸೆಗೆ ಪೂರಕವಾಗಿದೆ

ದಾವಣಗೆರೆ ದೋಸೆಗೂ ಸಿನಿಮಾ ವಿಮರ್ಶೆಯ ಸ್ಟಾರ್‌ಗೂ ಒಂದೇ ವಯಸ್ಸು. 1928ರಲ್ಲಿ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಇಲ್ಲಿನ ನಾಟಕ ಥಿಯೇಟರ್ ಮುಂದೆ ರಾಗಿ ದೋಸೆ ಹುಯ್ಯಲು ಕೂತರು ಅಂತ ಊರವರು ಹೇಳುತ್ತಾರೆ. ಅದೇ ವರ್ಷ ನ್ಯೂಯಾರ್ಕಿನ ಡೈಲಿ ನ್ಯೂಸ್ ಪತ್ರಿಕೆ ಸಿನಿಮಾಗಳಿಗೆ ಸ್ಟಾರ್ ಹಂಚಲು ಶುರು ಮಾಡಿತು. ಅಳತೆ ಮೂರು ಸ್ಟಾರಿನದು.

ಆಮೇಲೆ ದೋಸೆಯಿಂದ ರಾಗಿ ಹೋಗಿ ಅಕ್ಕಿ ಬಂತು, ಮೇಲೆ ಬೆಣ್ಣೆ ಬಿತ್ತು. ಸ್ಟಾರು ಮೂರಿದ್ದದ್ದು ಐದಾಯಿತು, ಜೊತೆಗೆ ಅರ್ಧವೂ ಬಂತು. ಅರ್ಧದಿಂದ ಐದರವರೆಗೆ ಒಟ್ಟು ಹತ್ತು ಮೆಟ್ಟಿಲು. ನಮ್ಮ ಪತ್ರಿಕೆಗಳ ವಿಮರ್ಶಕರು ಹತ್ತಿಳಿಯುವುದು ಮಾತ್ರ ಎರಡೂವರೆ, ಮೂರು, ಮೂರೂವರೆ. ಎಣಿಸಿ ನೋಡಿ, ಮತ್ತೆ ಮೂರೇ. ಇಷ್ಟು ವರ್ಷದಲ್ಲಿ ಸುಧಾರಿಸಿದ್ದು ದೋಸೆ ಒಂದೇ.

ಈ ಮೂರರ ಅರ್ಥ ಹೀಗೆ. ಎರಡೂವರೆ ಅಂದರೆ ಚಿತ್ರ ಕೆಟ್ಟದಾಗಿದೆ, ಆದರೆ ನಿರ್ಮಾಪಕರು ಪರಿಚಯ. ಮೂರು ಅಂದರೆ ಚಿತ್ರ ಹೇಗಿತ್ತೋ ನೆನಪಿಲ್ಲ. ಮೂರೂವರೆ ಅಂದರೆ ನಾಯಕನಿಗೆ ಅಭಿಮಾನಿ ಸಂಘಗಳಿವೆ, ವಿಮರ್ಶಕರಿಗೆ ಫೋನ್ ನಂಬರಿದೆ. ಇವನ್ನು ಬಿಟ್ಟರೆ ಒಂದು ಸ್ಟಾರು, ಅದು ಯಾರೂ ಗೊತ್ತಿಲ್ಲದ ಹೊಸಬರಿಗೆ ಮೀಸಲು. ವಿಮರ್ಶಕರ ನಿರ್ದಾಕ್ಷಿಣ್ಯ ಕಾಣುವುದು ಅಲ್ಲಿಯೇ.

ವಿಮರ್ಶೆಯ ಅಚ್ಚು ಗಟ್ಟಿ. ಜಾಗ ನಾನೂರು ಪದದ್ದು ಅಂತಿಟ್ಟುಕೊಳ್ಳಿ. ಮೊದಲ ಐವತ್ತು ಬದುಕಿನ ಬಗ್ಗೆ. ಆಮೇಲೆ ಇನ್ನೂರು ಕಥೆಗೆ. ಪತ್ರಿಕಾಗೋಷ್ಠಿಯಲ್ಲಿ ಹಂಚಿದ ಕಾಗದದಲ್ಲಿ ಅದು ಹೆಚ್ಚೂಕಮ್ಮಿ ಸಿದ್ಧವಾಗಿಯೇ ಇರುತ್ತದೆ. ಉಳಿದ ನೂರೈವತ್ತರಲ್ಲಿ ನಟನೆ, ಕ್ಯಾಮೆರಾ, ಸಂಗೀತಕ್ಕೆ ತಲಾ ಒಂದು ವಾಕ್ಯ, ಸಂಕಲನಕಾರರಿಗೆ ಬೈಗುಳ. ಸಂಕಲನಕಾರರನ್ನೇ ಯಾಕೆ ಬೈಯುತ್ತಾರೆ? ಅವರಿಗೆ ಅಭಿಮಾನಿ ಸಂಘವಿಲ್ಲ. ಕತ್ತರಿಸಬಾರದೆಂದು ಪಕ್ಕದಲ್ಲೇ ಕೂತವರು ನಾಯಕ ನಟರು ಎಂಬುದನ್ನು ಯಾರೂ ಬರೆಯುವುದಿಲ್ಲ.

ಇದೇ ಅಚ್ಚಿಗೆ ದೋಸೆ ಹುಯ್ದರೆ:

‘ಹಸಿವು ಮನುಷ್ಯನ ಮೂಲಭೂತ ಭಾವ. ಅಂಥದ್ದೊಂದು ಎಳೆ ಹಿಡಿದು ಭಟ್ಟರು ಈ ದೋಸೆ ಹೆಣೆದಿದ್ದಾರೆ. ಕಾದ ಹಂಚಿನ ಮೇಲೆ ಹಿಟ್ಟು ಬೀಳುತ್ತದೆ. ಮುಂದೇನು? ಅದನ್ನು ತಟ್ಟೆಯಲ್ಲೇ ನೋಡಬೇಕು. ಮೊದಲಾರ್ಧ ಗರಿಗರಿ, ದ್ವಿತೀಯಾರ್ಧ ತುಸು ಮೆತ್ತಗೆ. ಆಲೂಗಡ್ಡೆ ಪಲ್ಯ ಸಿಕ್ಕ ಅವಕಾಶದಲ್ಲಿ ಪಾತ್ರಕ್ಕೆ ನ್ಯಾಯ ಒದಗಿಸಿದೆ. ಚಟ್ನಿ ದೋಸೆಗೆ ಪೂರಕವಾಗಿದೆ. ಬೆಣ್ಣೆಗೆ ಇನ್ನಷ್ಟು ಕತ್ತರಿ ಹಾಕಬಹುದಿತ್ತು. ಲಾಜಿಕ್ ಹುಡುಕದಿದ್ದರೆ ಒಮ್ಮೆ ತಿನ್ನಲಡ್ಡಿಯಿಲ್ಲ. ಐದಕ್ಕೆ ಮೂರು.’

ಓದಿಯಾಯಿತಲ್ಲ, ಉಪ್ಪು ಸರಿಯಾಗಿದೆಯೋ ಇಲ್ಲವೋ ಹೇಳಿ ನೋಡೋಣ.

ಪಾಪ, ವಿಮರ್ಶಕರ ಕಷ್ಟವೂ ಕಡಿಮೆಯದಲ್ಲ. ಕನ್ನಡದಲ್ಲೇ ವರ್ಷಕ್ಕೆ 200ಕ್ಕೂ ಹೆಚ್ಚು ಚಿತ್ರ ಬರುತ್ತಿವೆ. ಶುಕ್ರವಾರ ಇರುವುದು 52. ವಾರಕ್ಕೆ ನಾಲ್ಕು ಚಿತ್ರ, ಒಂದೊಂದು ಎರಡೂವರೆ ಗಂಟೆಯೆಂದರೂ ಹತ್ತು ಗಂಟೆ. ಬೆಂಗಳೂರಿನ ಟ್ರಾಫಿಕ್ ಬೇರೆ, ರಾತ್ರಿಯೊಳಗೆ ಪುಟ ಮುಗಿಸಬೇಕು. ಹಾಗಾಗಿ ‘ದ್ವಿತೀಯಾರ್ಧದಲ್ಲಿ ಕಥೆ ವೇಗ ಪಡೆಯುತ್ತದೆ’ ಎಂದು ಬರೆದಿದ್ದರೆ, ವೇಗ ಪಡೆದದ್ದು ಕಥೆಯೋ ವಿಮರ್ಶಕರ ಆಟೋವೋ ಎಂದು ಕೇಳಬಾರದು.

ಇನ್ನು, ಅವರು ನೋಡಿದ ಚಿತ್ರವೂ ನಮ್ಮೂರಿಗೆ ಬಂದ ಚಿತ್ರವೂ ಒಂದೇ ಅಲ್ಲ. ಪರದೆಯ ಮೇಲೆ 14 ಫುಟ್‌ಲ್ಯಾಂಬರ್ಟ್ ಬೆಳಕು ಬೀಳಬೇಕೆಂಬುದು ಡಿಜಿಟಲ್ ಸಿನಿಮಾದ ಅಳತೆ. ಪ್ರೊಜೆಕ್ಟರಿನ ಕ್ಸೆನಾನ್ ಲ್ಯಾಂಪ್ ಉರಿದಷ್ಟೂ ಮಂಕಾಗುತ್ತದೆ. ಹೊಸದು ದುಬಾರಿ, ಹಾಗಾಗಿ ಹಳೆಯದೇ ಅವಧಿ ಮೀರಿ ದುಡಿಯುತ್ತದೆ. ಬೆಂಗಳೂರಿನಲ್ಲಿ ‘ಕತ್ತಲು-ಬೆಳಕಿನ ಕಾವ್ಯ’ವಾಗಿದ್ದದ್ದು ಇಲ್ಲಿಗೆ ಬರುವಷ್ಟರಲ್ಲಿ ಬರೀ ಕತ್ತಲು. ಶಬ್ದವೂ ಅಷ್ಟೇ. ಥಿಯೇಟರಿನ ಡಾಲ್ಬಿ ಪ್ರೊಸೆಸರಿನ ವಾಲ್ಯೂಮ್ 7ರಲ್ಲಿರಬೇಕೆಂದು ಲೆಕ್ಕಹಾಕಿ ಸ್ಟುಡಿಯೋದಲ್ಲಿ ಮಿಕ್ಸ್ ಮಾಡಿರುತ್ತಾರೆ. ಫೈಟಿನ ಸದ್ದು ಜಾಸ್ತಿಯಾಯಿತು ಎಂದು ಯಾರೋ ದೂರಿದ ಮೇಲೆ ಆಪರೇಟರ್ ಅದನ್ನು ನಾಲ್ಕೂವರೆಗೆ ಇಳಿಸಿ, ಚಹಾ ಕುಡಿಯಲು ಹೋಗುತ್ತಾನೆ. ಆಮೇಲೆ ನಾಯಕಿ ಪಿಸುಗುಟ್ಟಿದ್ದು ನಾಯಕನಿಗೆ ಮಾತ್ರ ಕೇಳುತ್ತದೆ. ‘ಸಂಭಾಷಣೆ ಮನಮುಟ್ಟುತ್ತದೆ’ ಎಂಬ ವಾಕ್ಯ ದಾವಣಗೆರೆ ಆವೃತ್ತಿಯಲ್ಲೂ ಹಾಗೇ ಅಚ್ಚಾಗುತ್ತದೆ.

ಭಾನುವಾರದ ಹೊತ್ತಿಗೆ ಅಶೋಕ ರಸ್ತೆಯ ಗೋಡೆಗೆ ಹೊಸ ಪೋಸ್ಟರ್. ಅದರ ಕಸುಬುಗಾರಿಕೆ ನೋಡಬೇಕು. ಪತ್ರಿಕೆ ಐದರಲ್ಲಿ ಮೂರು ಕೊಟ್ಟಿದ್ದರೆ ಖಾಲಿ ಎರಡನ್ನು ಅಳಿಸಿ, ಹಳದಿ ಮೂರನ್ನಷ್ಟೇ ತೆಂಗಿನಕಾಯಿ ಗಾತ್ರದಲ್ಲಿ ಹಾಕುತ್ತಾರೆ. ‘ಅದ್ಭುತ ಕಥೆಯನ್ನು ಹೀಗೂ ಹಾಳು ಮಾಡಬಹುದು’ ಎಂಬ ವಾಕ್ಯದಿಂದ ‘ಅದ್ಭುತ ಕಥೆ...’ ಮಾತ್ರ ಗೋಡೆ ಹತ್ತುತ್ತದೆ. ಕತ್ತರಿ ಹರಿತವಾಗಿರಬೇಕಿತ್ತು ಎಂದು ಕೊರಗುವ ವಿಮರ್ಶಕರು ಈ ಮೂರು ಚುಕ್ಕಿಗಳನ್ನಾದರೂ ಮೆಚ್ಚಬೇಕು.

ಕೇರಳ ಹೈಕೋರ್ಟಿಗೆ 2024ರಲ್ಲಿ ಅಮಿಕಸ್ ಕ್ಯೂರಿಯೊಬ್ಬರು, ಅಂದರೆ ಕೋರ್ಟಿಗೆ ನೆರವಾಗುವ ವಕೀಲರೊಬ್ಬರು, ಒಂದು ಸಲಹೆ ಕೊಟ್ಟರು: ಚಿತ್ರ ಬಿಡುಗಡೆಯಾದ 48 ಗಂಟೆ ವ್ಲಾಗರ್‌ಗಳು ವಿಮರ್ಶೆ ಮಾಡದಿರಲಿ. ಸಲಹೆ ಒಳ್ಳೆಯದೇ. ಶುಕ್ರವಾರ ಬೆಳಗಿನ ಆಟದಿಂದ ಎಣಿಸಿದರೆ ಅದು ಭಾನುವಾರ ಬೆಳಿಗ್ಗೆಗೆ ಮುಗಿಯುತ್ತದೆ. ಅಷ್ಟರಲ್ಲಿ ನಮ್ಮೂರಲ್ಲಿ ಎಷ್ಟೋ ಚಿತ್ರಗಳನ್ನು ಎತ್ತಿ, ಪಕ್ಕದ ಭಾಷೆಯದ್ದನ್ನು ಹಾಕಿಯಾಗಿರುತ್ತದೆ.

ಥಿಯೇಟರ್ ಹೊರಗೆ ಮಂಡಕ್ಕಿ-ಮಿರ್ಚಿ ಗಾಡಿಯ ಹತ್ತಿರ ಮಾತ್ರ ವಿಮರ್ಶೆಗೆ ತಡೆಯಿಲ್ಲ.

‘ಹೆಂಗೈತಣ್ಣ ಪಿಚ್ಚರು?’

‘ಏಸಿ ಚಲೋ ಐತಿ.’

ಕೇಳಿದವನು ಟಿಕೆಟಿಗೆಂದು ತೆಗೆದ ದುಡ್ಡನ್ನು ಜೇಬಿಗಿಳಿಸಿ, ಇನ್ನೆರಡು ಮಿರ್ಚಿ ಹಾಕಿಸಿಕೊಂಡ.