ಸತ್ಯಾಂಶ: ಇಂಟರ್‌ನೆಟ್ ಬಳಸಬಲ್ಲವರಿಗೆ ಆಕರಗಳ ಪರಿಶೀಲನೆ ತಾನಾಗಿ ಬರುತ್ತದೆಯೇ?

ಇಂಟರ್‌ನೆಟ್ ಜೊತೆಗೇ ಬೆಳೆದ ಕಾಲೇಜು ವಿದ್ಯಾರ್ಥಿಗಳಿಗೆ ಯಾವ ಆಕರವನ್ನು ನಂಬಬೇಕೆಂದು ಕಲಿಸಬೇಕಾಗಿಲ್ಲ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನವನ್ನೇ ನೋಡಿ. 25 ವಿದ್ಯಾರ್ಥಿಗಳು, 10 ಇತಿಹಾಸಕಾರರು ಮತ್ತು 10 ವೃತ್ತಿಪರ ಸತ್ಯಶೋಧಕರಿಗೆ ಎರಡು ಜಾಲತಾಣಗಳನ್ನು ತೋರಿಸಲಾಯಿತು. ಒಂದು, 1930ರಲ್ಲಿ ಸ್ಥಾಪನೆಯಾದ ಮಕ್ಕಳ ವೈದ್ಯರ ದೊಡ್ಡ ಸಂಘಟನೆ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನದು. ಇನ್ನೊಂದು, 2002ರಲ್ಲಿ ಅದರಿಂದ ಸಿಡಿದುಹೋದ ಸಣ್ಣ ಗುಂಪು ಅಮೆರಿಕನ್ ಕಾಲೇಜ್ ಆಫ್ ಪೀಡಿಯಾಟ್ರಿಷಿಯನ್ಸ್‌ನದು. ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಸಣ್ಣ ಗುಂಪಿನ ಲೇಖನವನ್ನೇ ಹೆಚ್ಚು ನಂಬಿದರು. ಗಂಭೀರ ಹೆಸರು, ಲೋಗೊ, ಉಲ್ಲೇಖಗಳ ಪಟ್ಟಿ, ಅಚ್ಚುಕಟ್ಟಾದ ವಿನ್ಯಾಸ ಅವರ ಕಣ್ಣು ಕಟ್ಟಿದ್ದವು. ಇದನ್ನು ದಡ್ಡತನ ಎನ್ನುವುದು ಅನ್ಯಾಯ; ನುರಿತ ಇತಿಹಾಸಕಾರರಲ್ಲೂ ಹಲವರು ಎಡವಿದರು.

ಸತ್ಯಶೋಧಕರು ಮಾತ್ರ ಆ ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲದೆ, ಹೊಸ ಟ್ಯಾಬ್ ತೆರೆದು, ಆ ಸಂಸ್ಥೆಯ ಬಗ್ಗೆ ಬೇರೆಯವರು ಏನು ಬರೆದಿದ್ದಾರೆಂದು ಹುಡುಕಿದರು. ಇದು ಕಲಿತರೆ ಬರುವ ವಿದ್ಯೆ.

ವಿಶ್ವಾಸಾರ್ಹವಾದ ಆಕರವೂ ಪ್ರತಿ ಪ್ರಬಂಧಕ್ಕೆ ಒಪ್ಪುವುದಿಲ್ಲ. ಔಷಧದ ಪರಿಣಾಮದ ಬಗ್ಗೆ ಬರೆಯುವಾಗ ಪತ್ರಿಕಾ ವರದಿ ಸಾಲದು, ಮೂಲ ಅಧ್ಯಯನವನ್ನೇ ಓದಬೇಕು.