ಒಂದೇ ತೂಕದಿಂದ ಹೊರಟ ರೂಪಾಯಿ ಮತ್ತು ದಿರ್ಹಾಮ್

1973ರ ಮೇ 19ರಂದು ಯುಎಇ ದಿರ್ಹಾಮ್ ಚಲಾವಣೆಗೆ ಬಂದಾಗ ಅದಕ್ಕೆ ಗೊತ್ತುಪಡಿಸಿದ ಚಿನ್ನದ ಮೌಲ್ಯ 0.186621 ಗ್ರಾಂ. 1949ರಿಂದ 1966ರವರೆಗೆ ನಮ್ಮ ರೂಪಾಯಿಗೆ ಇದ್ದದ್ದೂ ಅಷ್ಟೇ, ಕೊನೆಯ ಅಂಕಿಯವರೆಗೂ ಅಷ್ಟೇ. ಇದು ಕಾಕತಾಳೀಯವಲ್ಲ. ದಿರ್ಹಾಮಿನ ಮೂಲ ರೂಪಾಯಿಯಲ್ಲೇ ಇದೆ.

1950ರ ದಶಕದಲ್ಲಿ ಕೊಲ್ಲಿಯ ಕುವೈತ್, ಬಹರೇನ್, ಕತಾರ್, ದುಬೈ, ಅಬುಧಾಬಿ ಎಲ್ಲ ಕಡೆ ನಡೆಯುತ್ತಿದ್ದದ್ದು ಭಾರತದ ರೂಪಾಯಿ. ತೊಂದರೆ ಶುರುವಾದದ್ದು ಚಿನ್ನದಿಂದ. ಕಳ್ಳಸಾಗಣೆದಾರರು ಕೊಲ್ಲಿಯಿಂದ ಭಾರತಕ್ಕೆ ಚಿನ್ನ ದಾಟಿಸಿ, ಭಾರತದ ನೋಟುಗಳನ್ನು ಕೊಲ್ಲಿಗೆ ತರುತ್ತಿದ್ದರು. ಆ ನೋಟುಗಳು ಮರಳಿ ರಿಸರ್ವ್ ಬ್ಯಾಂಕಿಗೆ ಬಂದಾಗ ಬದಲಿಗೆ ಪೌಂಡ್ ಕೊಡಬೇಕಾಗುತ್ತಿತ್ತು, ದೇಶದ ವಿದೇಶಿ ವಿನಿಮಯ ಸೋರುತ್ತಿತ್ತು. ಅದನ್ನು ತಡೆಯಲು 1959ರಲ್ಲಿ ಕೊಲ್ಲಿಗೆಂದೇ ಬೇರೆ ನೋಟುಗಳು ಬಂದವು: ಸಂಖ್ಯೆಯ ಮೊದಲಿಗೆ ಝಡ್ ಅಕ್ಷರ, ಬೇರೆ ಬಣ್ಣ, ಭಾರತದೊಳಗೆ ಚಲಾವಣೆ ಇಲ್ಲ. ಬೆಲೆ ಮಾತ್ರ ರೂಪಾಯಿಗೆ ಸಮ.

1961ರಲ್ಲಿ ಕುವೈತ್, 1965ರಲ್ಲಿ ಬಹರೇನ್ ತಮ್ಮದೇ ದಿನಾರ್ ತಂದು ಹೊರನಡೆದವು. 1966ರ ಜೂನ್ 6ರಂದು ಭಾರತ ರೂಪಾಯಿಯನ್ನು ಅಪಮೌಲ್ಯಗೊಳಿಸಿತು, 4.76ಕ್ಕೆ ಸಿಗುತ್ತಿದ್ದ ಡಾಲರಿಗೆ 7.50 ಕೊಡಬೇಕಾಯಿತು. ಕೊಲ್ಲಿಯ ರೂಪಾಯಿಯೂ ಜೊತೆಗೇ ಇಳಿಯಿತು. ಆ ನಷ್ಟ ಹೊರಲು ಒಪ್ಪದ ಕತಾರ್, ದುಬೈ ಸ್ವಲ್ಪ ಕಾಲ ಸೌದಿ ರಿಯಾಲ್ ಬಳಸಿ, ಬಳಿಕ ಹಳೆಯ ರೂಪಾಯಿಯ ಬೆಲೆಗೇ ಕತಾರ್-ದುಬೈ ರಿಯಾಲ್ ತಂದವು. ಅಬುಧಾಬಿ ಬಹರೇನಿನ ದಿನಾರ್ ಹಿಡಿಯಿತು, ಅದು ಹತ್ತು ಹಳೆಯ ರೂಪಾಯಿಗೆ ಸಮ. 1973ರಲ್ಲಿ ಒಂದು ರಿಯಾಲಿಗೆ ಒಂದು ದಿರ್ಹಾಮ್, ಒಂದು ದಿನಾರಿಗೆ ಹತ್ತು ದಿರ್ಹಾಮ್ ಎಂದು ಬದಲಾಯಿತು.

ಹಾಗಾಗಿ ‘ರೂಪಾಯಿ ಮಾನ ಹೋಯಿತು, ದಿರ್ಹಾಮ್ ನೋಡಿ’ ಎಂದು ಇಲ್ಲಿ ಯುಎಇಯಲ್ಲಿರುವ ನಮ್ಮವರು ಮರುಗುವಾಗ ನನಗೆ ಒಪ್ಪಿಗೆಯಾಗುವುದಿಲ್ಲ. 1947ರಲ್ಲಿ ಡಾಲರಿಗೆ ಒಂದೇ ರೂಪಾಯಿ ಇತ್ತು ಎಂಬ ಮಾತಂತೂ ಸುಳ್ಳು. ಆಗ ಪೌಂಡಿಗೆ 13.33 ರೂಪಾಯಿ, ಪೌಂಡಿಗೆ 4.03 ಡಾಲರ್, ಭಾಗಿಸಿದರೆ ಡಾಲರಿಗೆ ಸುಮಾರು 3.31 ರೂಪಾಯಿ.

ಎರಡು ದೇಶ ಹಿಡಿದ ದಾರಿಯೇ ಬೇರೆ. ದಿರ್ಹಾಮನ್ನು 1997ರ ನವೆಂಬರಿನಿಂದ ಡಾಲರಿಗೆ 3.6725ರಂತೆ ಕಟ್ಟಿಹಾಕಿದ್ದಾರೆ. ತೈಲ ಮಾರಿದ ದುಡ್ಡು ಡಾಲರಿನಲ್ಲೇ ಬರುವ ನಾಡಿಗೆ ಇದು ಸರಿ. ಆದರೆ ಬೆಲೆ ತೆರಬೇಕು: ಅಮೆರಿಕ ಬಡ್ಡಿ ಇಳಿಸಿದರೆ ಇಲ್ಲೂ ಇಳಿಯಬೇಕು, ಇಲ್ಲಿನ ಮಾರುಕಟ್ಟೆ ಬಿಸಿಯೇರಿ ಬೆಲೆಗಳು ಏರುತ್ತಿದ್ದರೂ ಸರಿಯೇ. 2007-08ರಲ್ಲಿ ಆದದ್ದು ಅದೇ. ಹಣದುಬ್ಬರ ಎರಡಂಕಿ ಮುಟ್ಟಿ, ಮನೆ ಬಾಡಿಗೆ ಸಂಬಳವನ್ನು ನುಂಗಿತು. ಕುವೈತ್ 2007ರ ಮೇನಲ್ಲೇ ಡಾಲರಿನ ಕಟ್ಟು ಬಿಚ್ಚಿ ಹಲವು ಕರೆನ್ಸಿಗಳ ಬುಟ್ಟಿಗೆ ಹೋಯಿತು, ಯುಎಇ ಹೋಗಲಿಲ್ಲ.

ಭಾರತ ತೈಲ ಕೊಳ್ಳುವ ದೇಶ. ದರವನ್ನು ಹಟದಿಂದ ಹಿಡಿದರೆ ಏನಾಗುತ್ತದೆಂದು 1991ರಲ್ಲಿ ಕಂಡಿದ್ದೇವೆ: ಮೀಸಲು ಕರಗಿ ಚಿನ್ನ ಅಡವಿಡಬೇಕಾಯಿತು, ಜುಲೈ 1 ಮತ್ತು 3ರಂದು ಎರಡು ಕಂತಿನಲ್ಲಿ ರೂಪಾಯಿ ಇಳಿಯಿತು. 1993ರ ಮಾರ್ಚಿನಿಂದ ದರ ಮಾರುಕಟ್ಟೆಯ ಕೈಯಲ್ಲಿದೆ, ರಿಸರ್ವ್ ಬ್ಯಾಂಕ್ ಏರಿಳಿತವನ್ನಷ್ಟೇ ತಗ್ಗಿಸುತ್ತದೆ. ಆಗ ಡಾಲರಿಗೆ ಸುಮಾರು 31 ರೂಪಾಯಿ, ದಿರ್ಹಾಮಿಗೆ ಎಂಟೂವರೆ. 2022ರ ಅಕ್ಟೋಬರಿನಲ್ಲಿ ಡಾಲರ್ 83 ದಾಟಿತು. ವರ್ಷಕ್ಕೆ ಸರಾಸರಿ ಶೇ 3.3ರ ಏರಿಕೆ ಅದು. ಸ್ವಲ್ಪ ಸ್ವಲ್ಪವೇ ಬಾಗುವ ಈ ದಾರಿ ನಮ್ಮ ದೇಶಕ್ಕೆ ಹೆಚ್ಚು ಸುರಕ್ಷಿತ ಎಂಬುದು ನನ್ನ ದೃಢ ಅಭಿಪ್ರಾಯ.

ಆ ಶೇ 3.3 ನಮ್ಮ ಉಳಿತಾಯಕ್ಕೂ ಅಳತೆಗೋಲು. ಅನಿವಾಸಿ ಭಾರತೀಯರು ಭಾರತದ ಬ್ಯಾಂಕುಗಳಲ್ಲಿ ಎರಡು ಬಗೆಯ ಠೇವಣಿ ಇಡಬಹುದು: ಎನ್‌ಆರ್‌ಇ ಠೇವಣಿ ರೂಪಾಯಿಯಲ್ಲಿ, ಎಫ್‌ಸಿಎನ್‌ಆರ್ ಠೇವಣಿ ವಿದೇಶಿ ಕರೆನ್ಸಿಯಲ್ಲಿ ಇರುತ್ತದೆ. ದಿರ್ಹಾಮ್ ಡಾಲರಿಗೆ ಕಟ್ಟಿರುವುದರಿಂದ ಡಾಲರಿನ ಎಫ್‌ಸಿಎನ್‌ಆರ್ ಇಟ್ಟರೆ ದಿರ್ಹಾಮಿನಲ್ಲೇ ಉಳಿಸಿದಂತೆ. ಎರಡರ ಬಡ್ಡಿಯ ಅಂತರ ಶೇ 3.3ಕ್ಕಿಂತ ಕಡಿಮೆಯಿದ್ದರೆ ಎನ್‌ಆರ್‌ಇಯ ಹೆಚ್ಚಿನ ಬಡ್ಡಿ ಕಾಗದದ ಮೇಲಿನ ಲಾಭ ಮಾತ್ರ. ಆದರೆ ಸರಾಸರಿಯನ್ನು ಪ್ರತಿವರ್ಷದ ಲೆಕ್ಕವೆಂದು ನಂಬಬೇಡಿ. 2007ರ ಕೊನೆಗೆ ಡಾಲರ್ 39ರ ಹತ್ತಿರಕ್ಕೆ ಇಳಿದಿತ್ತು, 2013ರ ಆಗಸ್ಟ್ 28ರಂದು 68.80 ಮುಟ್ಟಿತು. ಇನ್ನೊಂದು ಎಚ್ಚರ: ಎಫ್‌ಸಿಎನ್‌ಆರ್ ಅವಧಿ ಒಂದರಿಂದ ಐದು ವರ್ಷ, ಒಂದು ವರ್ಷ ತುಂಬುವ ಮೊದಲೇ ಮುರಿದರೆ ಬಡ್ಡಿಯೇ ಇಲ್ಲ.

ಊರಿಗೆ ಹಣ ಕಳಿಸುವಾಗ ಶುಲ್ಕವಿಲ್ಲ ಎಂಬ ಫಲಕ ನೋಡಿ ನಿಲ್ಲಬೇಡಿ, ಕಮಿಷನ್ ರೇಟಿನೊಳಗೇ ಅಡಗಿರುತ್ತದೆ. ಆ ಹೊತ್ತಿನ ಡಾಲರ್ ದರವನ್ನು 3.6725ರಿಂದ ಭಾಗಿಸಿ. ಡಾಲರ್ 84 ಇದ್ದರೆ ದಿರ್ಹಾಮಿಗೆ 22.87 ಬರಬೇಕು. ಎಕ್ಸ್‌ಚೇಂಜ್‌ನವರು 22.75 ಕೊಟ್ಟರೆ 5,000 ದಿರ್ಹಾಮಿಗೆ ಸುಮಾರು 600 ರೂಪಾಯಿ ಅಲ್ಲೇ ಉಳಿಯಿತು. ಶುಲ್ಕ ತೆಗೆದುಕೊಂಡು 22.85 ಕೊಡುವ ಕೌಂಟರ್ ಎಷ್ಟೋ ಸಲ ಅಗ್ಗ.

ರೇಟು ಏರಲಿ ಎಂದು ಕಾಯುವವರಿಗೆ ಒಂದು ಮಾತು. ಮಂಗಳೂರಿನಲ್ಲೋ ಭಟ್ಕಳದಲ್ಲೋ ರೂಪಾಯಿಯಲ್ಲಿ ಮನೆ ಸಾಲ ಇದ್ದರೆ ಬಡ್ಡಿ ದಿನವೂ ಓಡುತ್ತಿರುತ್ತದೆ. ಶೇ 9ರ ಸಾಲವನ್ನು ಮೂರು ತಿಂಗಳು ಕಾದು ಕಟ್ಟಿದರೆ ಆ ಮೊತ್ತಕ್ಕೆ ಶೇ 2.25 ಬಡ್ಡಿ ಹೋಗುತ್ತದೆ. ಅಂದರೆ 22.87 ಇದ್ದ ದಿರ್ಹಾಮ್ 23.38 ದಾಟಿದರಷ್ಟೇ ಕಾದದ್ದಕ್ಕೆ ಲಾಭ. ಅಂಥ ಸಾಲಕ್ಕೆ ಸಂಬಳ ಬಂದ ವಾರವೇ ಕಳಿಸಿ. ಮಗಳ ವಿದೇಶದ ಓದಿಗೆಂದು ಕೂಡಿಸುವ ದುಡ್ಡಾದರೆ ಅದನ್ನು ರೂಪಾಯಿಗೆ ತಿರುಗಿಸಲೇಬೇಡಿ, ಡಾಲರಿನಲ್ಲೇ ಬಿಡಿ.