ಬಾಟಲಿ ಸಮೇತ ಬೆಂಗಳೂರು ದರ್ಶನ

ಎಡ ಭುಜ ಇನ್ನೂ ನೋಯುತ್ತಿದೆ. ಚಿಕ್ಕಪ್ಪನಿಗೆ ಬೆಂಗಳೂರು ತೋರಿಸಿಕೊಂಡು ಬಂದ ಫಲ.

ಐಡಿಯಾ ನನ್ನದೇ. ಮೂರು ದಿನ ಒಟ್ಟಿಗೆ ರಜೆ ಸಿಕ್ಕಿತೆಂದರೆ ಬೆಂಗಳೂರಿಗೆ ಬೆಂಗಳೂರೇ ಎದ್ದು ಮಡಿಕೇರಿಗೆ ಬರುತ್ತದೆ. ರಾಜಾಸೀಟಿನಲ್ಲಿ ಸೂರ್ಯ ಮುಳುಗುವುದು ಕಾಣುವುದಿಲ್ಲ, ಮೊಬೈಲ್ ಎತ್ತಿದ ಕೈಗಳಷ್ಟೇ ಕಾಣುತ್ತವೆ. ಹಾಲು ತರಲು ಹೋದವನು ಮುಕ್ಕಾಲು ಗಂಟೆ ಬಿಟ್ಟು ಬರುತ್ತಾನೆ. ಅವರೆಲ್ಲ ಇಲ್ಲಿದ್ದ ಮೇಲೆ ಅಲ್ಲಿ ಊರು ಖಾಲಿ ಇರಬೇಕಲ್ಲ? ಗಣರಾಜ್ಯೋತ್ಸವದ ರಜೆಗೆ ಹೊರಟೇಬಿಟ್ಟೆವು. ಕುಶಾಲನಗರದಲ್ಲಿ ಎದುರಿಂದ ಬರುತ್ತಿದ್ದ ಕಾರುಗಳ ಸಾಲು ನೋಡಿ ಬಸ್ಸಿನೊಳಗೆ ಒಬ್ಬನೇ ನಕ್ಕೆ.

ಚಿಕ್ಕಪ್ಪನ ಮಗಳ ಮನೆ ವೈಟ್‌ಫೀಲ್ಡಿನಲ್ಲಿ. "ಸಂಜೆ ಹೇಗೂ ಅಲ್ಲಿಗೇ ಹೋಗೋದು, ರೂಮ್ ಯಾಕೆ ಮಾರಾಯ?" ಎಂದರು ಚಿಕ್ಕಪ್ಪ. ಹಾಗಾಗಿ ಬ್ಯಾಗು ದಿನವಿಡೀ ನನ್ನ ಹೆಗಲ ಮೇಲೆ. ಅದರಲ್ಲಿ ಮಗಳಿಗೆಂದು ಕಾಫಿಪುಡಿ, ಕರಿಮೆಣಸು, ಒಂದು ಬಾಟಲಿ ಕಾಚಂಪುಳಿ, ಅಂದರೆ ಅಡುಗೆಗೆ ಹಾಕುವ ನಮ್ಮ ಕೊಡಗಿನ ಕಪ್ಪು ಹುಳಿ.

ಕೊಡಗಿನಲ್ಲಿ ರೈಲು ಹಳಿಯೇ ಇಲ್ಲವಾದ್ದರಿಂದ ನಮಗೆ ಮೆಟ್ರೋ ಕೂಡ ಪ್ರೇಕ್ಷಣೀಯ ಸ್ಥಳವೇ. ಮೈಸೂರು ರಸ್ತೆಯ ಸ್ಟೇಷನ್ನಿನಲ್ಲಿ ಬ್ಯಾಗು ಯಂತ್ರದೊಳಗೆ ಹೋಯಿತು. ಯಂತ್ರ ನಿಂತಿತು.

ಸೆಕ್ಯುರಿಟಿಯವನು ಬಾಟಲಿ ಹೊರತೆಗೆದ. ಮಿಲಿಟರಿ ಕ್ಯಾಂಟೀನಿನ ಹಳೇ ರಮ್ ಬಾಟಲಿ, ಲೇಬಲ್ ಕೂಡ ಕಿತ್ತಿಲ್ಲ. ಒಳಗೆ ಡಾಂಬರಿನಂಥದ್ದೇನೋ.

"ಏನ್ ಸಾರ್ ಇದು?"

"ಹುಳಿ."

"ಯಾವ ಹುಳಿ?"

ಕೇಳಬಾರದಿತ್ತು. ಚಿಕ್ಕಪ್ಪ ಮಳೆಗಾಲದಿಂದ ಶುರು ಮಾಡಿದರು. ಹಣ್ಣು ಹೆಕ್ಕುವುದು, ಬುಟ್ಟಿಯಲ್ಲಿಟ್ಟು ರಸ ಇಳಿಸುವುದು, ಕಪ್ಪಾಗುವವರೆಗೆ ಕಾಯಿಸುವುದು, ಹಂದಿಕರಿಗೆ ಯಾವಾಗ ಹಾಕಬೇಕು, ಯಾವಾಗ ಹಾಕಬಾರದು. ಹಿಂದೆ ಜನ ಮೆಟ್ಟಿಲವರೆಗೆ ನಿಂತಿದ್ದರು. "ವರ್ಷಗಟ್ಟಲೆ ಇಟ್ರೂ ಕೆಡಲ್ಲ" ಎನ್ನುವ ಹೊತ್ತಿಗೆ ಒಬ್ಬಳು ಹುಡುಗಿ "ಅಂಕಲ್, ನನ್ನ ಆಫೀಸು ಕೆಡುತ್ತೆ" ಎಂದಳು. ನಾನು ಇವರು ಯಾರೋ ಎಂಬಂತೆ ದರಪಟ್ಟಿ ಓದುತ್ತಿದ್ದೆ.

ಪಾಪ, ಅವನ ಕೆಲಸ ಅವನು ಮಾಡಬೇಕು. ಮೂಸಿದ. ಅನುಮಾನ ಹೋಗಲಿಲ್ಲ. "ಕೈ ಕೊಡಿ" ಎಂದು ಚಿಕ್ಕಪ್ಪ ಅಂಗೈಗೆ ಒಂದು ತೊಟ್ಟು ಬಿಟ್ಟರು. ನೆಕ್ಕಿದ. ಮೊದಲು ಬಲಗಣ್ಣು ಮುಚ್ಚಿತು, ಆಮೇಲೆ ಎಡಗಣ್ಣು, ಕಿವಿಯೂ ಸ್ವಲ್ಪ ಅಲುಗಿದ ಹಾಗಿತ್ತು. ಕಣ್ಣು ತೆರೆಯದೆಯೇ ಹೋಗಿ ಹೋಗಿ ಎಂದು ಕೈ ಬೀಸಿದ.

ಆ ದಿನ ಇನ್ನೆರಡು ಸ್ಟೇಷನ್ನಿನಲ್ಲಿ ಹತ್ತಿದೆವು. ಎರಡು ಕಡೆಯೂ ಮಳೆಗಾಲದಿಂದಲೇ ಶುರು.

ವಿಧಾನಸೌಧದ ಬೇಲಿಯ ಮುಂದೆ ಮಾತ್ರ ಚಿಕ್ಕಪ್ಪ ಸುಮ್ಮನಾದರು. ಫೋಟೋ ಬೇಡ ಎಂದರು. "ಇದು ಕಟ್ಟಿ ಮುಗಿದದ್ದು 1956ರಲ್ಲಿ. ನಮ್ಮ ವಿಧಾನಸಭೆ ಮುಚ್ಚಿದ್ದೂ ಅದೇ ವರ್ಷ." ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ 24 ಜನ ಶಾಸಕರು, ಈಗ ಇಬ್ಬರು. ನಾನು ಬ್ಯಾಗನ್ನು ಬಲ ಭುಜಕ್ಕೆ ಬದಲಾಯಿಸಿದೆ. ಬೇರೇನು ಹೇಳಲಿ?

ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವಕ್ಕೆ ಫಲಪುಷ್ಪ ಪ್ರದರ್ಶನ ಇರುತ್ತದೆಂಬುದು ಗೇಟಿನ ಕ್ಯೂ ನೋಡಿದ ಮೇಲೆ ನೆನಪಾಯಿತು. ಖಾಲಿ ಊರಂತೆ! ಗಾಜಿನ ಮನೆಯೊಳಗೆ ನಾವು ನಡೆಯಲಿಲ್ಲ, ಜನರೇ ದೂಡಿಕೊಂಡು ಹೋದರು. ಹೂವು ಯಾವುದೆಂದು ಕೇಳಬೇಡಿ. ಚಿಕ್ಕಪ್ಪನದು ಬೇರೆಯೇ ಲೆಕ್ಕ: "240 ಎಕರೆ! ಇಷ್ಟು ಮರ ಇಟ್ಕೊಂಡು ಒಂದಕ್ಕೂ ಮೆಣಸಿನ ಬಳ್ಳಿ ಹಬ್ಬಿಸಿಲ್ವಲ್ಲ!" 300 ಕೋಟಿ ವರ್ಷದ ಬಂಡೆ ಹತ್ತಿಸಿದರೆ, "ಇಲ್ಲಿ ಕಾಫಿ ಒಣಗಿಸಬಹುದು" ಎಂದರು.

ರಾತ್ರಿ ಮಗಳು ಬಾಟಲಿ ನೋಡಿ, "ಅಯ್ಯೋ ಅಪ್ಪಾ, ಇಷ್ಟು ದೂರ ಹೊತ್ಕೊಂಡು ಬಂದ್ರಾ? ಇಲ್ಲೇ ಅಂಗಡೀಲಿ ಸಿಗುತ್ತೆ" ಎಂದು ಒಂದು ಪ್ಲಾಸ್ಟಿಕ್ ಬಾಟಲಿ ತಂದಿಟ್ಟಳು.

ಹೊತ್ತವನು ನಾನು. ಅದನ್ನು ಯಾರೂ ಹೇಳಲಿಲ್ಲ.

ಚಿಕ್ಕಪ್ಪ ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕಿದರು. ಒಂದು ಕಣ್ಣೂ ಮುಚ್ಚಲಿಲ್ಲ.

"ನೀರು" ಎಂದು, ರಮ್ ಬಾಟಲಿಯನ್ನು ಅದರ ಮುಂದೆ ತಂದಿಟ್ಟರು.